ಬಿಳಿ ಕಣಗಿಲೆ

“ಎಡಗಡೆ ಹೂವಿಗೆ ಒಂಚೂರು ಗಂಧ ಜಾಸ್ತಿ ಮೆತ್ತು. ಅಷ್ಟೇ ಕಣಪ್ಪ ನಾನ್ ಕೇಳ್ತಿರದು.”

ಬಾವಿಯ ಕಟ್ಟೆಯ ಮೇಲೆ ಕೂತು ತಣ್ಣೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದ ಪುಟ್ಟರಾಜಪ್ಪ ಕೊಡವನ್ನು ಅರ್ಧಕ್ಕೇ ನಿಲ್ಲಿಸಿದ. ಮುಖದ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಂಡು ಮಗನನ್ನು ನೋಡಿದ. ಶಶಿಕುಮಾರ್ ಊರ ಹಾಲಿನ ಡೇರಿಯ ಕಾರ್ಯದರ್ಶಿ. ಬೆಳಗಿನ ಹಾಲು ಅಳೆಸಿ, ಕ್ಯಾನುಗಳನ್ನು ಲಾರಿಗೆ ಹತ್ತಿಸಿ ನೇರವಾಗಿ ಇಲ್ಲಿಗೇ ಬಂದಿದ್ದ. ಅವನ ಅಂಗಿಯ ತೋಳಿನಿಂದ ಇನ್ನೂ ಹಸಿ ಹಾಲಿನ ವಾಸನೆ ಬರುತ್ತಿತ್ತು.

“ಏನಂದೆ? ಇನ್ನೊಂದ್ಸಲ ಹೇಳು.”

“ಬೈಬ್ಯಾಡ. ನೀನೂ ಒಸಿ ಯೋಚ್ನೆ ಮಾಡು. ಬಲಗಡೆ ಹೂ ಬಿತ್ತಾ, ರೂಪ ಬಾಯ್ಮುಚ್ಕಂಡು ಇವತ್ತೇ ಹಾಸನಕ್ಕೆ ಬಂದು ಸೀಟು ಸೇರ್ಕತಾಳೆ. ಎಡಗಡೆ ಬಿತ್ತಾ, ಇನ್ನೊಂದ್ ವರ್ಷ ಮನೇಲೇ. ಸಂಜೆ ಐದಾಯ್ತು ಅಂದ್ರೆ ಆ ಸೀಟು ನಮ್ದಲ್ಲ. ನಾನ್ ಹೇಳಿದ್ರೆ ಕೇಳಲ್ಲ ಅವ್ಳು. ಉಡಸಲಮ್ಮ ಹೇಳಿದ್ರೆ ಕೇಳ್ತಾಳೆ.”

“ಅಂಗಾದ್ರೆ ಅಮ್ಮನ್ನೇ ಕೇಳಾನ. ನೀನ್ಯಾಕ್ಲಾ ಅಮ್ಮನ ಬಾಯಿಗೆ ಮಾತು ತುರುಕೀಯೆ?”

“ಒಂದ್ಸಲ ಅಮ್ಮನ್ನ ಕೇಳಿದ್ವಲ್ಲ,” ಎಂದು ಶಶಿಕುಮಾರ್ ದನಿ ತಗ್ಗಿಸಿದ. “ಏನಾತು?”

ಪುಟ್ಟರಾಜಪ್ಪ ಉಳಿದ ನೀರನ್ನು ಮೈಮೇಲೆ ಸುರಿದುಕೊಂಡು ಎದ್ದ. “ನಿಮ್ಮವ್ವ ಇದ್ದಿದ್ರೆ ಈ ಮಾತಿಗೆ ಪರಕೆ ತಗಂಡಿರೋಳು,” ಎಂದವನೇ, ಪಂಚೆಯ ನೀರನ್ನು ಹಿಂಡದೆ ಗುಡಿಯ ಕಡೆಗೆ ನಡೆದ.

ನುಗ್ಗೇಹಳ್ಳಿ ರಸ್ತೆಯ ಕಲ್ಲುಕಟ್ಟೆ ಎಂಬ ಊರಿನಲ್ಲಿರುವ ಉಡಸಲಮ್ಮನ ಗುಡಿ ದೊಡ್ಡದೇನಲ್ಲ. ಒಂದು ಗರ್ಭಗುಡಿ, ಮುಂದೆ ನಾಲ್ಕು ಕಂಬದ ಅಂಕಣ, ಹೊರಗೊಂದು ಜಗಲಿ. ಗುಡಿ ನೋಡಬೇಕೆನ್ನುವವರು ನುಗ್ಗೇಹಳ್ಳಿಯ ಕೆತ್ತನೆಯ ಗುಡಿಗೆ ಹೋಗುತ್ತಾರೆ. ಕೇಳಬೇಕೆನ್ನುವವರು ಇಲ್ಲಿಗೆ ಬರುತ್ತಾರೆ. ಆ ಮನೆಗೆ ಹೆಣ್ಣು ಕೊಡಬಹುದೇ, ಆ ಮೂಲೆಯಲ್ಲಿ ಬೋರು ಕೊರೆಸಬಹುದೇ, ಆಪರೇಷನ್ನು ಮಾಡಿಸಬಹುದೇ ಎಂದು ಶುಕ್ರವಾರ ಬಂದು ಹೂ ಕೇಳುತ್ತಾರೆ. ಪೂಜಾರಿ ಒದ್ದೆ ಬಟ್ಟೆಯಲ್ಲಿ ಒಳಗೆ ಹೋಗಿ ಎರಡು ಬಿಳಿ ಕಣಗಿಲೆ ಹೂಗಳನ್ನು ತೀರ್ಥದಲ್ಲಿ ಅದ್ದಿ, ಚುಕ್ಕೆಯಷ್ಟು ಗಂಧ ಮುಟ್ಟಿಸಿ, ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾನೆ. ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳಿ ತೆರೆ ಎಳೆಯುತ್ತಾನೆ. ಅಮ್ಮ ಯೋಚನೆ ಮಾಡುವಾಗ ಜನ ಅವಳ ಮುಖ ನೋಡಬಾರದು ಎಂಬುದು ಈ ಗುಡಿಯ ಕಟ್ಟಳೆ. ತೆರೆಯ ಒಳಗೆ ಪೂಜಾರಿ ಒಬ್ಬನೇ. ಅಮ್ಮನ ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಭುಜದ್ದು ಬಿದ್ದರೆ ಬೇಡ ಎಂದು. ಗಂಧ ಹೆಚ್ಚಾದರೆ ಹೂ ಕಚ್ಚಿಕೊಳ್ಳುತ್ತದೆ, ನೀರು ಹೆಚ್ಚಾದರೆ ಜಾರುತ್ತದೆ. ಇದು ಪುಟ್ಟರಾಜಪ್ಪನಿಗೆ ತಿಳಿಯದ್ದಲ್ಲ. ತಿಳಿದೂ ಎರಡು ಕೈಯನ್ನೂ ಸಮನಾಗಿ ಇಟ್ಟುಕೊಂಡು ಬಂದದ್ದೇ ಅವನು ಇಷ್ಟು ವರ್ಷ ಮಾಡಿದ ಪೂಜೆ.

ಮೊಮ್ಮಗಳು ರೂಪಶ್ರೀಗೆ ಹಿಂದೊಮ್ಮೆ ಇಲ್ಲಿಯೇ ಹೂ ಕೇಳಿದ್ದರು. ಅವಳು ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದಳು. ಮುಂದೆ ಸೈನ್ಸು ಓದಲೇ ಎಂದು ಕೇಳಿದಾಗ ಬಲದ ಹೂ ಪೂಜಾರಿ ಕೈ ತೆಗೆಯುವುದನ್ನೇ ಕಾದಿದ್ದಂತೆ ಬಿದ್ದಿತ್ತು. ಊರೆಲ್ಲ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯಿತು. ಆದರೆ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷು. ಹಲಗೆಯ ಮೇಲಿದ್ದುದನ್ನು ರಂಗೋಲಿ ಇಳಿಸಿಕೊಳ್ಳುವ ಹಾಗೆ ಇಳಿಸಿಕೊಂಡು ಬರುತ್ತಿದ್ದಳೇ ಹೊರತು ತಾನು ಬರೆದದ್ದು ಏನೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಎದ್ದು ನಿಂತು ಕೇಳಲು ನಾಚಿಕೆ. ಮೊದಲ ವರ್ಷವೇ ಮೂರು ವಿಷಯಗಳಲ್ಲಿ ಬಿದ್ದಳು. ಮಾರನೆಯ ವರ್ಷ ಅದೇ ಬೆಂಚಿನ ಮೇಲೆ ತನಗಿಂತ ಚಿಕ್ಕವರ ಜೊತೆ ಕೂತಳು. ಪೂಜಾರಿಯ ಮೊಮ್ಮಗಳಿಗೇ ಅಮ್ಮನ ಮಾತು ಹುಸಿಯಾಯಿತು ಎಂದು ಊರು ಆಡಿಕೊಂಡಿತು. ಶುಕ್ರವಾರ ಜಗಲಿಯ ಮೇಲೆ ಕೂರುವವರು ಕಡಿಮೆಯಾದರು. ಪುಟ್ಟರಾಜಪ್ಪ ಮೊಮ್ಮಗಳಿಗೂ ಏನೂ ಹೇಳಲಿಲ್ಲ, ಅಮ್ಮನಿಗೂ ಏನೂ ಹೇಳಲಿಲ್ಲ.

ಬಿದ್ದವಳನ್ನು ಎತ್ತಿ ಕೂರಿಸಿದವಳು ಸುಬ್ಬಮ್ಮ, ಪುಟ್ಟರಾಜಪ್ಪನ ಹೆಂಡತಿ. ಓದುಬರಹ ಬಾರದವಳು. “ಆ ಇಂಗ್ಲೀಸು ನಂಗೂ ಬರಾಕಿಲ್ಲ, ನಿಂಗೂ ಬರಾಕಿಲ್ಲ. ನಂಗೆ ಕನ್ನಡದಲ್ಲಿ ಹೇಳು. ನಂಗರ್ಥ ಆದ್ರೆ ನಿಂಗೂ ಆತು ಅಂತ ತಿಳ್ಕ,” ಎಂದು ದಿನಾ ಸಂಜೆ ಹೂ ಕಟ್ಟುತ್ತ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ರಕ್ತ ಗುಂಡಿಗೆಯ ಬಲಗಡೆಯಿಂದ ಹೊರಟು ಶ್ವಾಸಕೋಶಕ್ಕೆ ಹೋಗುತ್ತದೆ ಎಂದರೆ, “ಆಮೇಲೆ?” ಅಲ್ಲಿ ಗಾಳಿ ತುಂಬಿಕೊಂಡು ಎಡಗಡೆಗೆ ಬರುತ್ತದೆ ಎಂದರೆ, “ಬಂದ್ಬುಟ್ಟು, ಆಮೇಲೆ?” ಕಥೆ ಕೇಳುವ ಮಗುವಿನ ಹಾಗೆ ಅವಳು ಕೇಳುತ್ತಲೇ ಇರಬೇಕು, ಇವಳು ಹೇಳುತ್ತಲೇ ಇರಬೇಕು. “ಅಲ್ಲ ಕಣವ್ವ, ಊರೆಲ್ಲ ಸುತ್ಕಂಡು ಬರೋ ಬದ್ಲು ಮಗ್ಗುಲಲ್ಲೇ ಇರೋ ಎಡಗಡೀಕೆ ನೆಟ್ಟಗೆ ಓದ್ರೆ ಅದರ ಗಂಟೇನು ಓಯ್ತದೆ?” ಎಂದು ಸುಬ್ಬಮ್ಮ ಕೇಳಿದ ದಿನ ರೂಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ನಕ್ಕು, ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದಿದ್ದಳು.

ಹಾಗೆ ಹೇಳಿ ಹೇಳಿಯೇ ಪಿಯುಸಿ ದಾಟಿದಳು. ಮೆಡಿಕಲ್ಲಿಗೆ ಬರೆಯುವ ನೀಟ್ ಪರೀಕ್ಷೆಯಲ್ಲಿ ಮೊದಲ ಸಲ ಹೇಳಿಕೊಳ್ಳುವಂಥ ಅಂಕ ಬರಲಿಲ್ಲ. ಎರಡನೆಯ ಸಲಕ್ಕೆ ಓದುತ್ತಿದ್ದಾಗ, ಈ ವರ್ಷದ ಶಿವರಾತ್ರಿ ಕಳೆದ ಮೇಲೆ, ಎದೆ ಹಿಡಿದಂತಾಗುತ್ತದೆ ಎಂದು ಕೂತ ಸುಬ್ಬಮ್ಮ ಹಾಸನದ ಆಸ್ಪತ್ರೆಯಿಂದ ಮತ್ತೆ ಮನೆಗೆ ಬರಲಿಲ್ಲ. ತಿಥಿ ಮುಗಿಸಿಕೊಂಡು ರೂಪ ಪರೀಕ್ಷೆ ಬರೆದಳು. ಮೆಡಿಕಲ್ ಸೀಟು ಕೊನೆಯ ಸುತ್ತಿನವರೆಗೂ ಆಸೆ ತೋರಿಸಿ, ಬಾಗಿಲ ತನಕ ಬಂದು ಹಿಂದಿರುಗಿದ ನೆಂಟನ ಹಾಗೆ ಹೊರಟುಹೋಯಿತು. ಸಿಇಟಿಯ ಲೆಕ್ಕದಲ್ಲಿ ದಕ್ಕಿದ್ದು ಪಶುವೈದ್ಯದ ಸೀಟು, ಹಾಸನದಲ್ಲೇ. ಅದನ್ನು ಸೇರಲು ಇವತ್ತೇ ಕೊನೆಯ ದಿನ.

ಡೇರಿಗೆ ಪಶುವೈದ್ಯರು ಬಂದರೆ ಎದ್ದು ನಿಂತು ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ಕೊಡುವವನು ಶಶಿಕುಮಾರ್. ಆ ಕುರ್ಚಿಯಲ್ಲಿ ತನ್ನ ಮಗಳು ಕೂರುವುದನ್ನು ಅವನು ಮನಸ್ಸಿನಲ್ಲಿ ಕಂಡುಬಿಟ್ಟಿದ್ದ. ಪುಟ್ಟರಾಜಪ್ಪನಿಗೂ ಅದು ಸಣ್ಣ ಮಾತೆಂದು ತೋರಿರಲಿಲ್ಲ. ಒಮ್ಮೆ ಎಡವಿದ ಹುಡುಗಿ, ಕೈಗೆ ಬಂದದ್ದನ್ನು ಬಿಟ್ಟು ಇನ್ನೊಮ್ಮೆ ಎಡವಿದರೆ?

ನಿನ್ನೆ ಸಂಜೆ ಮನೆಯಲ್ಲಿ ಇದೇ ರಂಪ. “ನಿಮ್ಮಜ್ಜಿ ಸತ್ತ ದುಃಖದಲ್ಲಿ ಡಾಕ್ಟರಾಗ್ತೀನಿ ಅಂತಿದೀಯ, ಅಷ್ಟೇ,” ಎಂದಿದ್ದ ಶಶಿಕುಮಾರ್.

“ದುಃಖ ಅಲ್ಲಪ್ಪ,” ಎಂದಿದ್ದಳು ರೂಪ. “ಅಲ್ಲಿ ಒಬ್ಬಳು ಚಿಕ್ಕ ಡಾಕ್ಟ್ರು ಇದ್ಲು. ಅಜ್ಜೀನ ಮುಟ್ಟೋಕ್ ಮುಂಚೆ ಎರಡೂ ಕೈನ ಉಜ್ಜಿ ಬಿಸಿ ಮಾಡ್ಕಂಡ್ಲು. ಅಜ್ಜಿಗೆ ತಣ್ಣಗಾಗಬಾರ್ದು ಅಂತ. ಅದನ್ನ ಯಾರೂ ಅವಳಿಗೆ ಹೇಳ್ಕೊಟ್ಟಿರಲ್ಲ. ನಂಗೆ ಆ ಕೆಲ್ಸ ಬೇಕು.”

“ಬೇಕು ಅಂದ್ರೆ ಬಂದ್ಬುಡ್ತದಾ? ಇನ್ನೊಂದ್ಸಲ ಬಿದ್ರೆ?”

ಮಾತು ಬೆಳೆದು ಬೆಳೆದು, ಕೊನೆಗೆ ರೂಪಳೇ ಎದ್ದು ನಿಂತಿದ್ದಳು. “ನಾಳೆ ತಾತ ಹೂ ಕೇಳ್ಲಿ. ಅಮ್ಮ ಹೋಗು ಅಂದ್ರೆ ಹೋಗ್ತೀನಿ. ಆಮೇಲೆ ಈ ಮನೇಲಿ ಆ ಮಾತು ಎತ್ತಲ್ಲ.”

ಈಗ ಗುಡಿಯ ಮೆಟ್ಟಿಲ ಬಳಿ ಅವಳೇ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿಯ ತುಂಬ ಬಾವಿಯ ಬೇಲಿಯ ಕೆಂಪು ಕಣಗಿಲೆ. ಮೇಲೊಂದು ಬಾಳೆಯೆಲೆಯ ಚೂರು, ಅದರ ಮೇಲೆ ಎರಡು ಬಿಳಿ ಹೂ. ಬಿಳಿಯದರ ಗಿಡ ಊರಿಗೆಲ್ಲ ಒಂದೇ, ಗುಡಿಯ ಪಕ್ಕದ ತಮ್ಮ ಮನೆಯ ಹಿತ್ತಲಲ್ಲಿರುವುದು. ಸುಬ್ಬಮ್ಮ ತನ್ನ ತವರಿನಿಂದ ಕಡ್ಡಿ ತಂದು ನೆಟ್ಟದ್ದು.

“ಎರಡೇ ತಂದ್ಯಾ?” ಎಂದು ಪುಟ್ಟರಾಜಪ್ಪ ಕೇಳಿದ.

“ಕೇಳೋಕೆ ಎರಡೇ ಸಾಕಲ್ವಾ ತಾತ. ಅಜ್ಜಿ ಎರಡಕ್ಕಿಂತ ಜಾಸ್ತಿ ಕೀಳೋಕ್ ಬಿಡ್ತಿರ್ಲಿಲ್ಲ.”

ಅವಳ ಮುಖದಲ್ಲಿ ಭಯವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಪುಟ್ಟರಾಜಪ್ಪ ಬುಟ್ಟಿ ತೆಗೆದುಕೊಂಡು ಒಳಗೆ ಹೋದ.

ಜಗಲಿಯ ಮೇಲೆ ಆಗಲೇ ಎದುರು ಮನೆಯ ಗಂಗಯ್ಯ ಬಂದು ಕೂತಿದ್ದ. ಅವನಿಗೆ ಎರಡು ಕಣ್ಣಿಗೂ ಪೊರೆ. ಆಪರೇಷನ್ನಿಗೆ ಹೂ ಕೇಳಬೇಕೆಂದು ಶುಕ್ರವಾರ ಶುಕ್ರವಾರ ಬರುವುದು, ಅಮ್ಮ ಆಗಲಿ ಎಂದುಬಿಟ್ಟರೆ ಗತಿಯೇನೆಂದು ಹೆದರಿ ಕೇಳದೆ ಎದ್ದು ಹೋಗುವುದು ಅವನ ಪದ್ಧತಿ.

“ಏನವ್ವ ಡಾಕ್ಟ್ರಮ್ಮ, ಇವತ್ತು ಇತ್ಯರ್ಥ ಆಯ್ತದಾ? ದನಕ್ಕೋ, ಜನಕ್ಕೋ?”

ಕಂಬಕ್ಕೆ ಒರಗಿ ನಿಂತಿದ್ದ ರೂಪಳ ತಾಯಿ ಪ್ರೇಮಕುಮಾರಿ, “ಎರಡ್ರಲ್ಲಿ ಯಾವ್ದಾದ್ರೂ ನಿಮ್ ಕಣ್ಣಿಗೆ ನಡೀತದೆ ಬುಡಿ ಮಾವ,” ಎಂದಳು. ಗಂಗಯ್ಯ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಪ್ರೇಮಕುಮಾರಿ ನಗಲಿಲ್ಲ. ಅವಳ ಕಾಲ ಬಳಿ ಪ್ರಯಾಣದ ಚೀಲ ಸಿದ್ಧವಾಗಿತ್ತು. ಅಂಕಪಟ್ಟಿಗಳು, ಎರಡು ಜೊತೆ ಬಟ್ಟೆ, ದಾರಿಗೆ ಚಿತ್ರಾನ್ನ. ನುಗ್ಗೇಹಳ್ಳಿಯಿಂದ ಬರುವ ಹನ್ನೊಂದೂವರೆಯ ಬಸ್ಸು ಹತ್ತಿದರೆ ಪಟ್ಟಣಕ್ಕೆ ಹೋಗಿ ಬಸ್ಸು ಬದಲಾಯಿಸಿ ಐದಕ್ಕೆ ಮುಂಚೆ ಕಾಲೇಜು ಮುಟ್ಟಬಹುದು. ಅದು ತಪ್ಪಿದರೆ ಮುಂದಿನದು ಇದ್ದೂ ಪ್ರಯೋಜನವಿಲ್ಲ.

ಪುಟ್ಟರಾಜಪ್ಪ ಅಮ್ಮನ ಭುಜಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎರಡು ಬಿಳಿ ಹೂಗಳನ್ನು ತೀರ್ಥದಲ್ಲಿ ಅದ್ದಿದ. ಬಟ್ಟಲಿನ ಗಂಧವನ್ನು ಬೆರಳ ತುದಿಗೆ ತೆಗೆದುಕೊಂಡ. ಮಗನ ಮಾತು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಬೆರಳಲ್ಲಿ ಒಂದು ಕಾಳಿನಷ್ಟು ಹೆಚ್ಚು ಗಂಧ ಇದ್ದರೆ ಸಾಕು, ಮನೆಗೆ ನೆಮ್ಮದಿ. ಅವನು ಬೆರಳನ್ನು ಬಟ್ಟಲಿನ ಅಂಚಿಗೆ ಒರೆಸಿ ಮತ್ತೆ ತೆಗೆದ. ಒಂದು ಚುಕ್ಕೆ ಬಲದ ಹೂವಿಗೆ, ಅಷ್ಟೇ ಚುಕ್ಕೆ ಎಡದ ಹೂವಿಗೆ. ಎರಡನ್ನೂ ಒಂದೇ ಸಲ ಎರಡು ಕೈಯಿಂದ ಅಂಟಿಸಿದ.

“ತಾಯೀ, ಈ ಕೂಸು ಇವತ್ತು ಹಾಸನಕ್ಕೋಗಿ ಬಂದಿರೋ ಸೀಟು ಸೇರ್ಲಿ ಅನ್ನೋದಾದ್ರೆ ಬಲಕ್ಕೆ ಕೊಡು. ಬ್ಯಾಡ, ಇನ್ನೊಂದ್ ವರ್ಷ ಕುಂತು ಓದ್ಲಿ ಅನ್ನೋದಾದ್ರೆ ಎಡಕ್ಕೆ ಕೊಡು.”

ತೆರೆ ಎಳೆದು, ಗೋಡೆಗೆ ಮುಖ ಮಾಡಿ, ಕೈ ಕಟ್ಟಿ ಕೂತ.

ಹೊತ್ತು ಹೋಗುತ್ತಿತ್ತು. ದೀಪದ ಎಣ್ಣೆ ಚಿಟಿಚಿಟಿ ಎನ್ನುತ್ತಿತ್ತು. ಹೂ ಬೀಳಲಿಲ್ಲ. ಹೊರಗೆ ಶಶಿಕುಮಾರನ ಚಪ್ಪಲಿಯ ಸದ್ದು ಜಗಲಿಯ ಮುಂದೆ ಅತ್ತಿಂದಿತ್ತ ಹೋಗಿಬರುತ್ತಿತ್ತು.

“ಏನ್ಲಾ ಶಶಿ, ನಿಂತ ಕಡೆ ನಿಂತ್ಕಳ್ಳಾ. ನೀನ್ ಓಡಾಡಿದ್ರೆ ಅಮ್ಮನೂ ಗಾಬ್ರಿ ಬೀಳ್ತಾಳೆ,” ಎಂದಿತು ಗಂಗಯ್ಯನ ದನಿ. ಆಮೇಲೆ ತುಸು ಹೊತ್ತು ಬಿಟ್ಟು, “ಹೋದ್ಸಲ ಬೇಗ್ನೆ ಬಿದ್ದಿತ್ತು, ಅಲ್ವಾ? ಬೇಗ ಬಿದ್ದಿದ್ದೂ ಒಳ್ಳೇದಲ್ಲ ಅನ್ನು.”

ಚಪ್ಪಲಿಯ ಸದ್ದು ನಿಂತಿತು. ಆ ಮೌನದಲ್ಲಿ ಪುಟ್ಟರಾಜಪ್ಪನಿಗೆ ಇನ್ನೊಂದು ದನಿ ಕೇಳಿಸಿತು. ತೆರೆಗೆ ಹತ್ತಿರದ ಕಂಬದ ಬುಡದಲ್ಲಿ ರೂಪ ಕೂತಿರಬೇಕು. ತನ್ನಷ್ಟಕ್ಕೆ ತಾನು ಪಿಸುಗುಡುತ್ತಿದ್ದಳು.

“ಒಂದು ಕಲ್ಲನ್ನ ನೆಟ್ಟಗೆ ಮೇಲಕ್ಕೆ ಎಸೀತೀವಿ. ಮೇಲೆ ಹೋಗ್ತಾ ಹೋಗ್ತಾ ಅದರ ವೇಗ ಕಮ್ಮಿ ಆಗುತ್ತೆ.”

ನಿಲ್ಲಿಸಿದಳು. ಕಾಗದದ ಮೇಲೆ ಪೆನ್ಸಿಲ್ಲು ಎಳೆದ ಸಪ್ಪಳ.

“ತುತ್ತತುದೀಲಿ ಒಂದು ಗಳಿಗೆ ವೇಗ ಸೊನ್ನೆ.”

ಮತ್ತೆ ನಿಲ್ಲಿಸಿದಳು. ಈ ಸಲ ಪೆನ್ಸಿಲ್ಲಿನ ಸಪ್ಪಳವೂ ಇಲ್ಲ. ಅವಳು ನಿಲ್ಲಿಸುತ್ತಿದ್ದುದು ಬರೆಯಲೆಂದಲ್ಲ. ಆ ಖಾಲಿ ಜಾಗ ಯಾರದೆಂದು ಪುಟ್ಟರಾಜಪ್ಪನಿಗೆ ಗೊತ್ತಿತ್ತು. ಇಷ್ಟು ತಿಂಗಳಿಂದ ಅವಳು ಒಬ್ಬಳೇ ಕೂತು ಓದುವಾಗೆಲ್ಲ ಹೀಗೆ ಅಲ್ಲಲ್ಲಿ ಜಾಗ ಬಿಟ್ಟುಕೊಂಡೇ ಓದುತ್ತಿದ್ದಳೇನೋ. ಅವನು ಅದೇ ಮನೆಯಲ್ಲಿದ್ದೂ ಕೇಳಿಸಿಕೊಂಡಿರಲಿಲ್ಲ. ಹೆಂಡತಿ ಹೋದ ಮೇಲೆ ಅವನ ಕಿವಿಗೆ ಗುಡಿಯ ಗಂಟೆ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

“ಆಮೇಲೆ?” ಎಂದು ಅವನ ತುಟಿ ಸದ್ದಿಲ್ಲದೆ ಅಲುಗಿತು.

“ವೇಗ ಸೊನ್ನೆ ಆದ್ರೂ ಭೂಮಿ ಎಳೆಯೋದು ನಿಂತಿರಲ್ಲ,” ಎಂದಳು ರೂಪ ಹೊರಗೆ.

ಹಾಸನಕ್ಕೆ ಹೋಗಿ ದನದ ಡಾಕ್ಟರಾಗುವ ಹುಡುಗಿಗೆ ಇವತ್ತು ಈ ಕಲ್ಲಿನ ಲೆಕ್ಕ ಯಾಕೆ? ಪುಟ್ಟರಾಜಪ್ಪ ಕಟ್ಟಿದ ಕೈ ಬಿಚ್ಚಿದ. ಅಷ್ಟರಲ್ಲಿ ಅಮ್ಮನ ಬಲಭುಜದ ಕೆಳಗಿಟ್ಟಿದ್ದ ತಾಮ್ರದ ತಟ್ಟೆಯಲ್ಲಿ ಏನೋ ಮೆಲ್ಲಗೆ ಬಿದ್ದ ಸದ್ದಾಯಿತು. ತಿರುಗಿ ನೋಡಿದ.

ಬಿಳಿ ಹೂ ತಟ್ಟೆಯಲ್ಲಿ ಮಗುಚಿ ಬಿದ್ದಿತ್ತು. ಅಮ್ಮನ ಎಡಭುಜದ್ದು ಹಾಗೇ ಇತ್ತು.

ಬಲಕ್ಕೆ ಕೊಟ್ಟಿದ್ದಳು. ಆಗಲಿ ಎಂದಿದ್ದಳು. ಇನ್ನು ಅವನಿಗಿದ್ದ ಕೆಲಸ ತೆರೆ ಸರಿಸುವುದೊಂದೇ. ಮಗನ ಮುಖ ಅರಳುತ್ತದೆ. ಬಸ್ಸಿಗೆ ಇನ್ನೂ ಹೊತ್ತಿದೆ. ಗಂಗಯ್ಯ ಊರೆಲ್ಲ ಸಾರುತ್ತಾನೆ. ರೂಪ ಪುಸ್ತಕ ಮುಚ್ಚಿ ಎದ್ದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಎರಡು ಮಾತಾಡುವುದಿಲ್ಲ, ಮಾತು ಕೊಟ್ಟಿದ್ದಾಳೆ. ಜೀವವಿರುವವರೆಗೂ ಆ ಮಾತು ಎತ್ತುವುದಿಲ್ಲ.

ಪುಟ್ಟರಾಜಪ್ಪ ಮಂಡಿಯೂರಿ ಹೂವನ್ನು ಎತ್ತಿಕೊಂಡ. ಅದು ತಣ್ಣಗೆ, ಒದ್ದೆಯಾಗಿ ಅಂಗೈಯಲ್ಲಿ ಕೂತಿತು. ಎಷ್ಟು ಹೊತ್ತು ಹಿಡಿದಿದ್ದನೋ. ಆಮೇಲೆ ಅದನ್ನು ಪಂಚೆಯ ಸೊಂಟದ ಮಡಿಕೆಗೆ ಸೇರಿಸಿ ಒಳಕ್ಕೆ ಒತ್ತಿದ.

ಅಮ್ಮನ ಬಲಭುಜ ಬರಿದಾಗಿ ಕಾಣುತ್ತಿತ್ತು. ಹೀಗೇ ತೆರೆ ಸರಿಸುವಂತಿರಲಿಲ್ಲ. ಮಡಿಕೆಯ ಹೂವನ್ನೇ ಮತ್ತೆ ಏರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆಂದು ಕೈ ಸೊಂಟದವರೆಗೂ ಹೋಯಿತು. ಅಲ್ಲಿಗೇ ನಿಂತಿತು. ಅಮ್ಮ ಬಿಟ್ಟ ಹೂ ನಿರ್ಮಾಲ್ಯ. ಅದನ್ನು ಮರಳಿ ಅವಳ ಮೈಗೆ ಮುಟ್ಟಿಸಲು ಕೈ ಒಪ್ಪಲಿಲ್ಲ. ಬುಟ್ಟಿಗೆ ಕೈ ಹಾಕಿ ಸಿಕ್ಕ ಹೂವೊಂದನ್ನು ತೀರ್ಥದಲ್ಲಿ ಅದ್ದಿ ಬಲಭುಜಕ್ಕೆ ಅಂಟಿಸಿದ. ಗಂಧ ಎಷ್ಟು ಹಚ್ಚಿದೆನೆಂದು ನೋಡಲಿಲ್ಲ. ಅಮ್ಮನ ಮುಖವನ್ನೂ ನೋಡಲಿಲ್ಲ.

ಕರ್ಪೂರ ಹಚ್ಚಿ ಗಂಟೆ ಬಾರಿಸುತ್ತ ತೆರೆ ಸರಿಸಿದ ಮೇಲೆಯೇ ಅವನಿಗೆ ಕಂಡದ್ದು. ಆರತಿಯ ಬೆಳಕಿನಲ್ಲಿ ಅಮ್ಮನ ಎಡಭುಜದ ಮೇಲೆ ಬಿಳಿ ಹೂ, ಬಲಭುಜದ ಮೇಲೆ ಕೆಂಪು ಹೂ. ಗಂಟೆ ಹಿಡಿದ ಕೈ ತಪ್ಪಿ ಒಂದು ಬಡಿತ ಹೆಚ್ಚಾಯಿತು. ಎರಡೂ ಬಿಳಿಯವೇ ಇರಬೇಕೆಂಬುದು ಊರಿನ ಮಕ್ಕಳಿಗೂ ಗೊತ್ತು.

ಗಂಗಯ್ಯ ಮುಂದೆ ಬಂದು, ಪೊರೆ ಕಟ್ಟಿದ ಕಣ್ಣನ್ನು ಕಿರಿದು ಮಾಡಿ, ಕೈಮುಗಿದ. “ಎತ್ತಗೆ ಕೊಟ್ಲು ಪೂಜಾರಪ್ಪ? ನಂಗೊಂದೂ ಕಾಣಾಕಿಲ್ಲ.” ಶಶಿಕುಮಾರ್ ಅಮ್ಮನನ್ನು ನೋಡುತ್ತಿರಲಿಲ್ಲ, ಅಪ್ಪನ ಬಾಯನ್ನೇ ನೋಡುತ್ತಿದ್ದ. ಪ್ರೇಮಕುಮಾರಿ ಕಣ್ಣು ಮುಚ್ಚಿದ್ದಳು.

“ಯಾವುದನ್ನೂ ಕೊಡ್ಲಿಲ್ಲ,” ಎಂದ ಪುಟ್ಟರಾಜಪ್ಪ. ದನಿ ಅವನಿಗೇ ಯಾರದೋ ಎನ್ನುವಂತಿತ್ತು.

“ಅಂಗಂದ್ರೆ?”

“ಅಂಗಂದ್ರೆ ಅಷ್ಟೇ. ಅವಳ್ಗೇ ಬುಟ್ಟವ್ಳೆ ಅಮ್ಮ.”

“ಕಾಯಾನ. ಇನ್ನೊಂದು ಗಳಿಗೆ ಕಾಯಾನ. ತೆರೆ ಎಳಿ ನೀನು,” ಎಂದು ಶಶಿಕುಮಾರ್ ಹೊಸಲಿನ ತನಕ ಬಂದ.

“ಆರತಿ ಆದ್ಮೇಲೆ ಕೇಳಂಗಿಲ್ಲ. ಗೊತ್ತಿಲ್ವಾ ನಿಂಗೆ?”

ಗಂಗಯ್ಯ ತಲೆಯಾಡಿಸಿದ. “ಅಮ್ಮಂಗೂ ವಯಸ್ಸಾಯ್ತೇನೋ. ಕಿವಿ ಮಂದ ಆಗಿರ್ಬೇಕು. ನನ್ ಕಣ್ಣು, ಅಮ್ಮನ ಕಿವಿ, ಎರಡ್ನೂ ಒಟ್ಟಿಗೇ ತೋರುಸ್ಬೇಕು ಬುಡು.” ಯಾರೂ ನಗಲಿಲ್ಲ. ಈ ಮಾತು ಸಂಜೆಯ ಹೊತ್ತಿಗೆ ಊರೆಲ್ಲ ಸುತ್ತುತ್ತದೆಂದು ಪುಟ್ಟರಾಜಪ್ಪನಿಗೆ ತಿಳಿದಿತ್ತು.

ರೂಪ ಕೊನೆಗೆ ಬಂದಳು. ಎರಡು ಅಂಗೈಯನ್ನೂ ಆರತಿಯ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಕೈ ಇಳಿಸಿ ಅಮ್ಮನನ್ನು ನೋಡಿದಳು. ಕರ್ಪೂರ ಉರಿದು ಮುಗಿದು ಹೊಗೆಯಾಯಿತು. ಅವಳು ಇನ್ನೂ ನೋಡುತ್ತಲೇ ಇದ್ದಳು. ಆಮೇಲೆ ತೀರ್ಥಕ್ಕೆ ಕೈಯೊಡ್ಡಿದಳು.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿತು. ಕೆರೆಯ ಏರಿಯ ತಿರುವಿನಲ್ಲಿ ಅದು ಯಾವಾಗಲೂ ಹಾಗೆ ಎರಡು ಸಲ ಕೂಗುತ್ತದೆ.

“ಅಮ್ಮ ಮಾತಾಡ್ದಿದ್ರೆ ನಾನ್ ಮಾತಾಡ್ತೀನಿ,” ಎಂದು ಶಶಿಕುಮಾರ್ ಚೀಲ ಎತ್ತಿಕೊಂಡ. “ನಡಿ ರೂಪ. ಬಸ್ ಬಂತು.”

“ಶಶೀ,” ಎಂದ ಪುಟ್ಟರಾಜಪ್ಪ. “ಅವಳನ್ನ ಕೇಳು.”

“ಏನ್ ಕೇಳದು?”

“ಏನ್ ಮಾಡ್ತೀಯವ್ವ ಅಂತ ಕೇಳು. ಇಷ್ಟ್ ದಿನ ನೀನೂ ಹೇಳ್ದೆ, ನಾನೂ ಹೇಳ್ದೆ. ಕೇಳ್ದೋರು ಯಾರವ್ರೆ?”

ಶಶಿಕುಮಾರ್ ಚೀಲ ಹಿಡಿದೇ ನಿಂತ. ಬಸ್ಸಿನ ಸದ್ದು ಹತ್ತಿರವಾಗುತ್ತಿತ್ತು. ಕೊನೆಗೆ ಮಗಳ ಕಡೆ ನೋಡದೆಯೇ, “ಏನವ್ವ?” ಎಂದ.

ರೂಪ ತಾತನ ಕಡೆ ಒಮ್ಮೆ ನೋಡಿದಳು, ಅವನ ಮುಖವನ್ನಲ್ಲ, ಸೊಂಟದ ಮಡಿಕೆಯ ಮೇಲೆ ಒತ್ತಿಹಿಡಿದಿದ್ದ ಅವನ ಎಡಗೈಯನ್ನು.

“ಇನ್ನೊಂದ್ಸಲ ಬರೀತೀನಪ್ಪ.”

“ಈಗ್ಲೂ ಹೋಯ್ತು ಅಂದ್ರೆ?”

“ಹೋದ್ರೆ ಅದು ನಂದು. ನಿಂದಲ್ಲ, ತಾತಂದಲ್ಲ, ಅಮ್ಮಂದೂ ಅಲ್ಲ.”

ಬಸ್ಸು ಅರಳಿಕಟ್ಟೆಯ ಮುಂದೆ ಬಂದು ನಿಂತಿತು. ಯಾರೋ ಇಬ್ಬರು ಹೆಂಗಸರು ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಗುಡಿಯ ಕಡೆ ನೋಡಿ, “ಪಟ್ನ, ಪಟ್ನ! ಬರೋರಿದ್ರೆ ಬನ್ನಿ!” ಎಂದು ಕೂಗಿದ. ಪ್ರೇಮಕುಮಾರಿ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಯಾರೂ ಅಲುಗಲಿಲ್ಲ. ಕಂಡಕ್ಟರು ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿಕೊಂಡು ತೆಂಗಿನ ತೋಟದ ಮರೆಗೆ ಹೋಯಿತು.

ಶಶಿಕುಮಾರ್ ಚೀಲವನ್ನು ಜಗಲಿಯ ಮೇಲೆ ಇಟ್ಟ, ಎಸೆಯಲಿಲ್ಲ. ಬೈಕು ಹತ್ತಿ ಡೇರಿಯ ಕಡೆ ಹೋದ. ಸಂಜೆ ಐದಾದ ಮೇಲೆಯೂ ಮನೆಗೆ ಬರಲಿಲ್ಲ.

ಆ ದಿನ ಪುಟ್ಟರಾಜಪ್ಪ ಊಟ ಮಾಡಲಿಲ್ಲ. ಶುಕ್ರವಾರದ ಒಪ್ಪತ್ತು ಎಂದು ಪ್ರೇಮಕುಮಾರಿ ತಿಳಿದಳು. ರಾತ್ರಿಯೂ ಬೇಡವೆಂದಾಗ ಅವಳು ಬಾಗಿಲಲ್ಲಿ ನಿಂತು, “ಮಾವ, ಅವ್ರ ಮಾತ್ಗೆ ಬೇಜಾರ್ ಮಾಡ್ಕಬ್ಯಾಡಿ,” ಎಂದಳು. ಅವನು ತಲೆಯಾಡಿಸಿದ. ಹಿತ್ತಲಿಗೆ ಹೋಗಿ ಸುಬ್ಬಮ್ಮನ ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಸೊಂಟದ ಮಡಿಕೆಯಿಂದ ಹೂವನ್ನು ತೆಗೆದ. ಬಾಡಿ, ಅಂಚು ಕಂದಾಗಿ, ಮೈಯ ಬಿಸಿಗೆ ಬೆಚ್ಚಗಾಗಿತ್ತು. ಅದನ್ನು ಮಣ್ಣಿನ ಮೇಲಿಟ್ಟು, ಬಹಳ ಹೊತ್ತು ಕೈಮುಗಿದುಕೊಂಡೇ ಇದ್ದ. ಯಾರಿಗೆ ಮುಗಿಯುತ್ತಿದ್ದೇನೆಂದು ಅವನಿಗೂ ತಿಳಿಯಲಿಲ್ಲ.

ಬೆಳಗ್ಗೆ ಮಿಂದು ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ರೂಪ ಬುಟ್ಟಿ ತಂದಳು. ಕಂಕುಳಲ್ಲಿ ಪುಸ್ತಕವಿತ್ತು, ತಲೆ ಬಾಚಿರಲಿಲ್ಲ. ಪುಟ್ಟರಾಜಪ್ಪ ಬುಟ್ಟಿಯೊಳಗೆ ಕೈಯಾಡಿಸಿದ. ಮೇಲೂ ಕೆಂಪು, ಕೆಳಗೂ ಕೆಂಪು. ಬಾಳೆಯೆಲೆಯ ಚೂರು ಬರಿದಾಗಿತ್ತು.

“ಬಿಳೇವು ಅರಳಿರ್ಲಿಲ್ವೇನವ್ವ?”

ಅವಳು ಆಗಲೇ ಕಂಬದ ಬುಡದಲ್ಲಿ ಕೂತು ಪುಸ್ತಕ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅರಳಿದ್ವು ತಾತ. ಗಿಡದಲ್ಲೇ ಇರ್ಲಿ ಅಂತ ಬಿಟ್ಟು ಬಂದೆ.”

ಪುಟ್ಟರಾಜಪ್ಪ ಎರಡು ಕೆಂಪು ಹೂ ತೆಗೆದುಕೊಂಡು, ತೆರೆಯನ್ನು ಎಳೆಯದೆ, ಒಳಗೆ ಹೋದ. ಹಿತ್ತಲ ಗೋಡೆಯ ಮೇಲಿಂದ ಬಿಳಿ ಕಣಗಿಲೆಯ ಕೊಂಬೆಯೊಂದು ಗುಡಿಯ ಕಡೆಗೆ ಬಾಗಿತ್ತು. ಕೀಳದೆ ಬಿಟ್ಟ ಹೂಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ.